ಶ್ರೀಲಂಕಾಕ್ಕೆ ದಪ್ಪ ಜೀನ್ಸ್

“ಚೆನ್ನಾಗಿದೆ, ತಗೋ” ಎನ್ನುತ್ತಾ ಸುಲ್ತಾನ್ ಬಜಾರಿನ ಅಂಗಡಿಯಲ್ಲಿ ದಪ್ಪ ಜೀನ್ಸೊಂದನ್ನು ಗೆಳತಿ ಸುಮಾಳ ಕೈಗಿಟ್ಟೆ. ನಮ್ಮ ಸಾಫ್ಟ್‌ವೇರ್ ಕಂಪನಿ ಶ್ರೀಲಂಕಾ ಪ್ರವಾಸಕ್ಕೆ ಆರಿಸಿದ್ದು ಅವಳನ್ನು, ನನ್ನನ್ನಲ್ಲ. ಕುಮಟಾದಲ್ಲಿ ಬೆಳೆದ ನನಗೆ ಕಡಲ ಸೆಕೆ ಗೊತ್ತಿಲ್ಲದ್ದೇನಲ್ಲ.

ಆ ತೆಲುಗು ಊರಿನಲ್ಲಿ ನಮ್ಮ ಕನ್ನಡ ಕೇಳಿ, ಬಟ್ಟೆ ಮಡಚುತ್ತಿದ್ದ ಕಲಬುರಗಿಯ ಹೆಂಗಸು ಹತ್ತಿರ ಬಂದಳು. “ಬ್ಯಾಡ್ರಿ ಅಕ್ಕಾ. ನಾ ಮಸ್ಕತ್‌ನಾಗ ಮನಿಗೆಲಸ ಮಾಡೀನಿ. ಸಮುದ್ರದ ದಂಡ್ಯಾಗ ಇದು ಮೈಗೆ ಅಂಟ್ತದ, ತೊಯ್ದ್ರ ಒಣಗಂಗಿಲ್ಲ. ತೆಳ್ಳನ ಕಾಟನ್ ಒಯ್ಯಿರಿ.”

“ಕರಾವಳಿಯವಳು, ಇವಳಿಗೇ ಹೊಳೆದಿಲ್ಲ ನೋಡಿ” ಎಂದು ಸುಮಾ ನಕ್ಕಳು. ಹೆಂಗಸು ನನ್ನ ಮುಖವನ್ನೊಮ್ಮೆ ನೋಡಿ, ಜೀನ್ಸನ್ನು ಮಡಚಿ ಬದಿಗಿಟ್ಟಳು. ನಾನು ಬೇಕೆಂದೇ ಅದನ್ನು ಆರಿಸಿದ್ದು ಅವಳಿಗೆ ಅರ್ಥವಾಗಿತ್ತು.

ಸುಮಾಳ ಪ್ರವಾಸದ ಫೋಟೊಗಳನ್ನು ನೋಡುವಾಗ ನನಗೆ ಹೊಟ್ಟೆ ಉರಿದದ್ದು ಸುಳ್ಳಲ್ಲ. ಆದರೆ ಎಲ್ಲಿಗೆ ಹೊರಟರೂ, ಏನು ಒಯ್ಯಲಿ ಎಂದು ಅವಳು ಈಗಲೂ ಕೇಳುವುದು ನನ್ನನ್ನೇ.