ಕುರಿಕಾಕಾ ನೀರು ಕೇಳಿದ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಊರಿನಲ್ಲಿ ಚಹಾ ಇನ್ನೂ ಹೊಸದು. ಹತ್ತಿರದ ಮುರುಮ ಊರಿನ ಸಂತೆಗೆ ಹೋದಾಗ ಅಪ್ಪ ಒಂದು ಸಣ್ಣ ಪುಡಿಕೆ ಚಹಾಪುಡಿ ತರುತ್ತಿದ್ದ. ಅವ್ವ ಅದನ್ನು ಉಪ್ಪಿನ ಗಡಿಗೆಯ ಹಿಂದೆ ಬಚ್ಚಿಡುತ್ತಿದ್ದಳು. ಅದು ಅಪ್ಪನ ಗೆಳೆಯರು ಬಂದಾಗ ಮಾತ್ರ ಹೊರಗೆ ಬರುತ್ತಿತ್ತು. ಬೆಲ್ಲ ಹಾಕಿ ಕುದಿಸಿದ ಚಹಾದ ವಾಸನೆ ಬಂತೆಂದರೆ ನಾನು ಎಲ್ಲಿದ್ದರೂ ಓಡಿ ಬಂದು ಪಡಸಾಲೆಯ ಕಂಬಕ್ಕೆ ಒರಗಿ ಕೂಡುತ್ತಿದ್ದೆ.

ಅಪ್ಪನಿಗೆ ಇಬ್ಬರು ಗೆಳೆಯರು. ಒಬ್ಬರು ಮಾಸ್ತರಕಾಕಾ. ಗುಡಿಯ ಕಟ್ಟೆಯ ಮೇಲೆ ಊರ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು. ಇನ್ನೊಬ್ಬರು ಕುರಿಕಾಕಾ. ಅವರದು ಬೀರಪ್ಪನ ಒಕ್ಕಲು, ಕುರಿ ಸಾಕುವ ಮನೆತನ. ಹೊಲಕ್ಕೆ ಗೊಬ್ಬರವಾಗಲೆಂದು ಪ್ರತಿ ವರ್ಷ ಅವರ ಕುರಿಗಳು ನಮ್ಮ ಹೊಲದಲ್ಲೇ ತಂಗುತ್ತಿದ್ದವು. ಅಪ್ಪನೂ ಅವರೂ ಒಂದೇ ಬಾವಿಯಲ್ಲಿ ಈಜು ಕಲಿತವರು. ದೊಡ್ಡವರಾದ ಮೇಲೂ ಒಬ್ಬರನ್ನೊಬ್ಬರು 'ದೋಸ್ತ' ಎಂದೇ ಕರೆಯುತ್ತಿದ್ದರು.

ಆಗ ನಮ್ಮ ಸೀಮೆಯಲ್ಲಿ ನಿಜಾಮರ ಆಳ್ವಿಕೆ. ಊರಿಗೊಂದು ವಾಚನಾಲಯ ತೆರೆಯಬೇಕೆಂದರೂ ಸರಕಾರದ ಅಪ್ಪಣೆ ಬೇಕು. ಬ್ರಿಟಿಷರ ಸೀಮೆಯಲ್ಲಿದ್ದ ಸೊಲ್ಲಾಪುರದ ಕಡೆಯಿಂದ ಬರುತ್ತಿದ್ದ ಕೆಲವು ಪತ್ರಿಕೆಗಳನ್ನು ಮನೆಯಲ್ಲಿ ಇಟ್ಟುಕೊಂಡರೆ ಪೊಲೀಸರು ಹಿಡಿಯುತ್ತಿದ್ದರು. ಅಂಥ ಪತ್ರಿಕೆಗಳನ್ನು ತರುತ್ತಿದ್ದವರು ಕುರಿಕಾಕಾ. ಕುರಿ ಮೇಯಿಸುತ್ತ ಸರಹದ್ದು ದಾಟಿ ಹೋಗಿ, ಕಂಬಳಿಯ ಮಡಿಕೆಯಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಕುರಿ ಕಾಯುವವರ ಕಂಬಳಿಯನ್ನು ಯಾರು ಬಿಚ್ಚಿ ನೋಡುತ್ತಾರೆ? ಅವರಿಗೆ ಓದಲು ಬರುತ್ತಿರಲಿಲ್ಲ. ಆದರೆ ಮಾಸ್ತರಕಾಕಾ ಓದಿದ್ದನ್ನು ಒಂದು ಸಲ ಕೇಳಿದರೆ ಸಾಕು, ತಿಂಗಳಾದ ಮೇಲೂ ಒಂದು ಮಾತು ತಪ್ಪದೆ ಹೇಳುತ್ತಿದ್ದರು. ಪಡಸಾಲೆಯ ತುಂಬ ಹುರಿಗಡಲೆಯ ಸಪ್ಪಳ, ಮಾಸ್ತರಕಾಕಾನ ಓದು, ನಡುನಡುವೆ ಕುರಿಕಾಕಾನ ದೊಡ್ಡ ನಗು. ಆ ನಗುವಿಗೆ ಕೊಟ್ಟಿಗೆಯ ಎತ್ತುಗಳು ಕಿವಿ ನಿಗುರಿಸುತ್ತಿದ್ದವು.

ಚಹಾ ಕೊಡುವ ಕೆಲಸ ನನ್ನದು. ಅಪ್ಪನಿಗೂ ಮಾಸ್ತರಕಾಕಾಗೂ ಹಿತ್ತಾಳೆಯ ಲೋಟ. ಕುರಿಕಾಕಾನ ಬಟ್ಟಲು ಮಾತ್ರ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಬೋರಲು ಬಿದ್ದಿರುತ್ತಿತ್ತು. ನಾವು ಲಿಂಗ ಕಟ್ಟಿಕೊಳ್ಳುವವರು, ಅವರು ಮಾಂಸ ತಿನ್ನುವವರು, ಅವರು ಮುಟ್ಟಿದ ಪಾತ್ರೆ ಒಳಗೆ ಬರಬಾರದು ಎಂಬುದು ಅಜ್ಜಿಯ ಕಟ್ಟಪ್ಪಣೆ. ಅವರು ಪಡಸಾಲೆಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತು ಕುಡಿದು, ಬಟ್ಟಲು ತೊಳೆದು, ತಾವೇ ಗೂಡಿನಲ್ಲಿ ಇಟ್ಟು ಬರುತ್ತಿದ್ದರು. ಇದರಲ್ಲಿ ಏನೋ ತಪ್ಪಿದೆ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ನನಗೂ ಅನ್ನಿಸಿರಲಿಲ್ಲ.

ಆ ವರ್ಷ ಮೂವರೂ ಸೇರಿ ಊರಿಗೊಂದು ವಾಚನಾಲಯ ಬೇಕೆಂದು ಊರವರ ಹೆಸರಿನಲ್ಲಿ ಉಮರ್ಗಾದ ತಾಲೂಕು ಕಚೇರಿಗೆ ಅರ್ಜಿ ಹಾಕಿದ್ದರು. ಅದಕ್ಕೆ ಉತ್ತರ ಬರಲಿಲ್ಲ, ಪೊಲೀಸ್ ಅಮೀನ ಬಂದ. ಸುತ್ತಲ ಹೊಲಗಳಲ್ಲಿ ಕುಸುಬೆ ಹೂ ಬಿಟ್ಟಿದ್ದ ದಿನಗಳು. ಹೊತ್ತೇರುವ ಮೊದಲೇ ಅಮೀನನ ಜವಾನರು ಕುರಿ ತಂಗಿದ್ದ ಹೊಲಕ್ಕೆ ಹೋಗಿ, ಕುರಿಕಾಕಾನ ಕಂಬಳಿ ಝಾಡಿಸಿ, ಅದರಲ್ಲಿದ್ದ ಪತ್ರಿಕೆಯ ಸಮೇತ ಅವರನ್ನು ಚಾವಡಿಗೆ ಕರೆತಂದರು. ಸುದ್ದಿ ಕೇಳಿದ ಕೂಡಲೇ ಮಾಸ್ತರಕಾಕಾ ನಮ್ಮ ಮನೆಗೆ ಬಂದು ಒಳಕೋಣೆಯಲ್ಲಿ ಕುಳಿತರು.

ಚಾವಡಿಯ ಸುದ್ದಿಯನ್ನು ನನ್ನ ಅಕ್ಕ ಬಾವಿಕಟ್ಟೆಯಿಂದ ತರುತ್ತಿದ್ದಳು. ಈ ಪೇಪರ್ ಯಾರಿಗೆ ತಂದಿ, ಯಾರು ಓದ್ತಾರ ಎಂದು ಅಮೀನ ಕೇಳುತ್ತಿದ್ದಾನಂತೆ. "ರೊಟ್ಟಿ ಸುತ್ತಾಕ ತಂದೀನ್ರಿ ಸಾಹೇಬ್ರ, ನನಗೇನ್ ಓದಾಕ ಬರ್ತದ?" ಎಂದು ಕುರಿಕಾಕಾ ಒಂದೇ ಮಾತು ಹೇಳುತ್ತಿದ್ದಾರಂತೆ. ರುಮಾಲು ಬಿಚ್ಚಿಸಿ, ಬೆನ್ನು ಬಗ್ಗಿಸಿ, ಮೇಲೊಂದು ಕಲ್ಲು ಹೇರಿ ಬಿಸಿಲಲ್ಲಿ ನಿಲ್ಲಿಸಿದ್ದಾರಂತೆ.

ಅಪ್ಪ ಎರಡು ಸಲ ಚಪ್ಪಲಿ ಮೆಟ್ಟಿದ. ಎರಡು ಸಲವೂ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ನೀ ಹೋದ್ರ ಅಂವಾ ಬಾಯಿ ಮುಚ್ಚಿಕೊಂಡಿದ್ದು ದಂಡ ಆಗ್ತದ. ಮನ್ಯಾಗ ಕೂಡು," ಎಂದಳು.

ಅಪ್ಪ ಕುಳಿತ. ಅಂದು ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳವೂ ಕೇಳಲಿಲ್ಲ.

ಮಧ್ಯಾಹ್ನ ಇಳಿದ ಮೇಲೆ ಅವರನ್ನು ಬಿಟ್ಟರು. ಕುರಿಕಾಕಾ ತಮ್ಮ ಗುಡಿಸಲಿಗೆ ಹೋಗಲಿಲ್ಲ, ನೇರ ನಮ್ಮ ಮನೆಗೆ ಬಂದರು. ತುಟಿ ಒಡೆದಿತ್ತು. ಅಂಗಳದ ನಡುವೆ ನಿಂತು, "ಯಾರ ಹೆಸರೂ ಹೇಳಿಲ್ಲ ದೋಸ್ತ," ಎಂದರು. ಆಮೇಲೆ ನನ್ನ ಕಡೆ ನೋಡಿ, "ತಾಯಿ, ಒಂದೀಟು ನೀರ ಕೊಡವ್ವಾ," ಎಂದರು.

ನಾನು ಒಳಗೆ ಓಡಿದೆ. ಕೈಗೆ ಮೊದಲು ಸಿಕ್ಕಿದ್ದು ಅಪ್ಪ ನೀರು ಕುಡಿಯುವ ತಾಮ್ರದ ತಂಬಿಗೆ. ಕೊಡದಿಂದ ತುಂಬಿಸಿ ತಂದು ಕೊಟ್ಟೆ. ಅವರು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಗಟಗಟ ಕುಡಿದರು. ಗಡ್ಡದ ಮೇಲಿಂದ ನೀರು ಎದೆಗೆ ಇಳಿಯುತ್ತಿದ್ದುದು ಈಗಲೂ ನನ್ನ ಕಣ್ಣ ಮುಂದಿದೆ.

ಅವರು ತಂಬಿಗೆ ಕೆಳಗಿಟ್ಟದ್ದೇ ಅಜ್ಜಿ ಹೊರಗೆ ಬಂದಳು. "ಯಾವ ತಂಬಿಗ್ಯಾಗ ಕೊಟ್ಟಿ ನೀ?" ಎಂದು ನನ್ನನ್ನು ಕೇಳಿದಳು. ಜೋರು ಮಾಡಲಿಲ್ಲ. ಇಕ್ಕಳ ತಂದು, ತಂಬಿಗೆಯ ಕಂಠ ಹಿಡಿದೆತ್ತಿ, ಎಲ್ಲರ ಕಣ್ಣೆದುರೇ ಬಚ್ಚಲ ಒಲೆಯ ಕೆಂಡದಲ್ಲಿ ಇಟ್ಟಳು. ಬೆಂಕಿಯಲ್ಲಿ ಸುಟ್ಟರೆ ಮೈಲಿಗೆ ಹೋಗುತ್ತದೆ ಎಂದು ಆಗ ನಂಬುತ್ತಿದ್ದರು. ಒಳಗೆ ಉಳಿದಿದ್ದ ಎರಡು ಗುಟುಕು ನೀರು ಚುರ್ ಎಂದಿತು.

ಕುರಿಕಾಕಾ ಒಲೆಯ ಕಡೆ ನೋಡಿದರು. ಆಮೇಲೆ ಅಪ್ಪನ ಕಡೆ ನೋಡಿದರು. ಅಪ್ಪ ಏನಾದರೂ ಹೇಳುತ್ತಾನೆ ಎಂದು ನಾನೂ ಅವನ ಮುಖವನ್ನೇ ನೋಡುತ್ತಿದ್ದೆ. ಅಪ್ಪ ತಲೆ ತಗ್ಗಿಸಿದ. ಬಾಗಿಲಲ್ಲಿ ನಿಂತಿದ್ದ ಮಾಸ್ತರಕಾಕಾ ಗೋಡೆಯ ಕಡೆ ತಿರುಗಿಕೊಂಡರು.

"ದೋಸ್ತ," ಎಂದರು ಕುರಿಕಾಕಾ. ದನಿಯಲ್ಲಿ ಸಿಟ್ಟಿರಲಿಲ್ಲ. "ಮಾಸ್ತರು ಪೇಪರ್ ಓದುವಾಗ ಮನಶ್ಯಾರೆಲ್ಲಾ ಒಂದ ಅಂತ ಬರ್ತಿತ್ತಲ್ಲ, ಅದರಾಗ ನಾನೂ ಇದ್ನೇನು?"

ಅಪ್ಪ ತಗ್ಗಿಸಿದ ತಲೆ ಎತ್ತಲಿಲ್ಲ.

ಕುರಿಕಾಕಾ ನನ್ನ ತಲೆಯ ಮೇಲೆ ಕೈಯಿಡಲು ಬಂದವರು, ಏನೋ ನೆನಪಾದಂತೆ ಕೈ ಹಿಂದಕ್ಕೆ ತೆಗೆದುಕೊಂಡರು. "ನೀರ ಭಾಳ ತಂಪಿದ್ವು, ತಾಯಿ," ಎಂದು ಹೇಳಿ ಹೊರಟುಹೋದರು. ಬಗ್ಗಿದ ಬೆನ್ನು ಇನ್ನೂ ನೆಟ್ಟಗಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಹೊಲಕ್ಕೆ ಹೋದ. ಕುರಿಗಳೂ ಇರಲಿಲ್ಲ, ಅವರೂ ಇರಲಿಲ್ಲ. ಮುಂದಿನ ವರ್ಷ ಅವರ ಕುರಿಗಳು ಬೇರೆಯವರ ಹೊಲದಲ್ಲಿ ತಂಗಿದವು. ಅಪ್ಪ ಅಲ್ಲಿಗೆ ಹೋಗಿ ಎಷ್ಟೋ ಹೊತ್ತು ಕುಳಿತು ಬಂದ. "ನನಗ ಸಿಟ್ಟಿಲ್ಲೋ ದೋಸ್ತ. ಖರೇ, ನಿಮ್ಮ ಅಂಗಳಕ್ಕ ಬರಾಕ ಕಾಲ ಏಳವಲ್ದು," ಎಂದು ಕುರಿಕಾಕಾ ಹೇಳಿದರಂತೆ. ವಾಚನಾಲಯಕ್ಕೆ ಕೊನೆಗೂ ಅಪ್ಪಣೆ ಸಿಕ್ಕಿತು. ಅದು ತೆರೆದ ದಿನ ಅಪ್ಪ ಹೊರಗಿನ ಕಟ್ಟೆಯ ಮೇಲೆ ಸಂಜೆಯವರೆಗೆ ಕಾದ. ಕುರಿಕಾಕಾ ಬರಲಿಲ್ಲ.

ವಾಚನಾಲಯ ತೆರೆದ ವರ್ಷದ ಮಳೆಗಾಲದಲ್ಲಿ ಚಳಿಜ್ವರ ಬಂದು ಕುರಿಕಾಕಾ ತೀರಿಕೊಂಡರು. ಅಪ್ಪ ನನ್ನನ್ನೂ ಕರೆದುಕೊಂಡು ಅವರ ಗುಡಿಸಲಿಗೆ ಹೋದ. ಹಸಿ ಉಣ್ಣೆಯ ವಾಸನೆ, ಹೊಗೆ, ಮೂಲೆಯಲ್ಲಿ ಕಟ್ಟಿದ್ದ ಒಂದು ಮರಿ. ಅಪ್ಪ ನೆಲದ ಮೇಲೆ ಕುಳಿತು, ಅವರ ಹೆಂಡತಿಗೆ, "ಒಂದು ರೊಟ್ಟಿ ಕೊಡವ್ವಾ. ಅಂವಾ ಉಣ್ಣೋ ತಾಟಿನ್ಯಾಗ ಕೊಡು," ಎಂದ.

ಆ ತಾಯಿ ತಾಟು ತೊಳೆದು ರೊಟ್ಟಿ, ಖಾರ ಹಾಕಿ ತಂದು ಮುಂದಿಟ್ಟಳು.

"ಅಂವಾ ಇದ್ದಾಗ ಬರಬೇಕಿತ್ತ್ರೀ," ಎಂದಳು.

ಅಪ್ಪ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ದೊಡ್ಡವರು ಅಳುತ್ತಾರೆ ಎಂಬುದು ನನಗೆ ಗೊತ್ತಾದದ್ದು ಅಂದೇ.

ಮೊಮ್ಮಕ್ಕಳೇ, ಈಗ ನಿಮ್ಮ ಗೆಳೆಯರು ಮನೆಗೆ ಬಂದರೆ ಚಪ್ಪಲಿ ಬಿಟ್ಟವರೇ ನೇರ ಅಡುಗೆಮನೆಗೆ ನುಗ್ಗುತ್ತಾರೆ. ಡಬ್ಬಿಗಳ ಮುಚ್ಚಳ ತೆಗೆದು ಶೇಂಗಾದ ಉಂಡೆ ಹುಡುಕುತ್ತಾರೆ. ಯಾರ ಮನೆಯ ಮಕ್ಕಳು ಎಂದು ಯಾರೂ ಕೇಳುವುದಿಲ್ಲ. ಆ ಗದ್ದಲ ಕೇಳುತ್ತ ನಾನು ಹೊರಗೆ ಮಂಚದ ಮೇಲೆ ಸುಮ್ಮನೆ ಕುಳಿತಿರುತ್ತೇನೆ. ಆದರೆ ನಿಮಗೂ ಒಂದು ದಿನ, ಕಣ್ಣೆದುರೇ ಯಾರಿಗೋ ಅವಮಾನವಾಗುತ್ತಿರುವಾಗ ಎಲ್ಲರೂ ನೆಲ ನೋಡುತ್ತ ನಿಲ್ಲುವ ಹೊತ್ತು ಬಂದೇ ಬರುತ್ತದೆ.

ಮೊನ್ನೆ ನಿಮ್ಮಲ್ಲೇ ಒಬ್ಬಳು ಕೇಳಿದಳು: "ಅಜ್ಜಿ, ನಿಮ್ಮಪ್ಪ ಅವತ್ತು ಒಂದು ಮಾತು ಆಡಿದ್ದರೆ ಏನಾಗುತ್ತಿತ್ತು?"

ಏನಾಗುತ್ತಿತ್ತು? ನನ್ನ ಅಜ್ಜಿ ಎರಡು ದಿನ ಊಟ ಬಿಡುತ್ತಿದ್ದಳು. ಮೂರನೆಯ ದಿನ ಉಣ್ಣುತ್ತಿದ್ದಳು. ಅಷ್ಟೇ ಆಗುತ್ತಿತ್ತು.