ಗಾಡಿಯ ಮುಂದೆ ಗೌರತ್ತೆ

ಹೊಸ ಕಾರ್ಬೊರೇಟರಿಗೆ ಮೊದಲ ಸಲ ಪೆಟ್ರೋಲ್ ಇಳಿದಾಗ ಒಂದೆರಡು ಹನಿ ನನ್ನ ಬೆರಳಿಗೆ ಸಿಡಿಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಳ್ಳಾರಿಯ ಈ ಅಂಗಳ ಮರೆತುಹೋಗಿ ಸಿರುಗುಪ್ಪದ ನಮ್ಮ ಹಳೇ ಮನೆಯ ಬೆಳಗು ಎದುರಿಗೆ ಬಂದು ನಿಂತಿತು. ಆ ಮನೆ ಈಗಿಲ್ಲ, ಅಲ್ಲಿ ಯಾರದೋ ಭತ್ತದ ಗೋದಾಮು ಎದ್ದಿದೆ. ಆದರೆ ಗಾಳಿಯಲ್ಲಿ ತೇಲುತ್ತಿದ್ದ ತವುಡಿನ ಘಮ, ಒಳಗೆ ರೊಟ್ಟಿ ಬಡಿಯುವ ಸಪ್ಪಳ, ಕಟ್ಟೆಯ ಕೆಳಗೆ ನಿಂತ ಅಪ್ಪನ ಬುಲೆಟ್ಟು, ಅದರ ಮುಂದೆ ಮಣೆ ಹಾಕಿಕೊಂಡು ಕೂತ ಗೌರತ್ತೆ, ಎಲ್ಲ ನನ್ನೊಳಗೆ ಹಾಗೇ ಇವೆ. ಕೆಡವಿದರೂ ಬೀಳದ ಇಂಥದ್ದೊಂದು ಮನೆ ನಿಮ್ಮೊಳಗೂ ಇದ್ದೀತು.

ಅಪ್ಪ ಅಕ್ಕಿ ಗಿರಣಿಗಳ ಫಿಟ್ಟರ್. ಸುತ್ತಲ ಊರುಗಳಲ್ಲಿ ಯಾವ ಗಿರಣಿ ಕೆಟ್ಟರೂ ಅವನೇ ಹೋಗಬೇಕು. ಆ ಗದ್ದಲದಲ್ಲಿ ಕಿವಿ ಮಂದವಾಗಿ, ಪಕ್ಕದಲ್ಲಿ ಕೂತವರ ಜೊತೆಗೂ ಹೊಳೆಯಾಚೆ ಇದ್ದವರನ್ನು ಕರೆದಂತೆ ಮಾತಾಡುತ್ತಿದ್ದ. ಗೌರತ್ತೆ ಅವನ ಅಕ್ಕ. ಕುರುಗೋಡಿಗೆ ಕೊಟ್ಟಿದ್ದರು, ಗಂಡ ಬೇಗ ತೀರಿಕೊಂಡ, ನಮ್ಮ ಮನೆಗೆ ಬಂದಳು. ಯಾರಾದರೂ ಹೊರಡುವಾಗ ಗಂಡ ಸತ್ತವಳು ಎದುರಾದರೆ ಹೋದ ಕೆಲಸ ಕೆಡುತ್ತದೆಂದು ಅಜ್ಜಿಯ ನಂಬಿಕೆ. ಹಾಗಾಗಿ ಬೆಳಗಾದರೆ ಅತ್ತೆ ತಾನಾಗಿಯೇ ಒಲೆಯ ಮುಂದೆ ಸರಿದುಬಿಡುತ್ತಿದ್ದಳು. ಅಪ್ಪ ಬಿಡಬೇಕಲ್ಲ! ಅವನ ಗಾಡಿಯ ಹಳೇ ಕಾರ್ಬೊರೇಟರು ನಿನ್ನೆ ಇದ್ದಂತೆ ಇವತ್ತು ಇರುತ್ತಿರಲಿಲ್ಲ. ಕಿಕ್ ಹೊಡೆದು, ಸ್ಕ್ರೂಡ್ರೈವರ್ ಹಿಡಿದು, ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ, "ಅಕ್ಕಾ, ಬಾ ಇಲ್ಲೆ! ನನಗ ಕೇಳಸಂಗಿಲ್ಲ, ಗಾಡಿ ಹೆಂಗೈತಿ ಹೇಳು."

"ಹೊರಡೋ ಹೊತ್ತಿನ್ಯಾಗ ಅಕಿನ್ನ ಯಾಕ ಕರೀತಿ?" ಒಳಗಿಂದ ಅಜ್ಜಿಯ ಕೂಗು.

"ಅಕಿ ಹೇಳಲಿಲ್ಲಂದ್ರ ಗಾಡಿ ಕೆಂಚನಗುಡ್ಡ ಸುದ್ದಾ ಮುಟ್ಟಂಗಿಲ್ಲ."

ಅತ್ತೆ ಹೊರಗೆ ಬಂದು ಮಣೆಯ ಮೇಲೆ ಕೂರುತ್ತಿದ್ದಳು. ಕಣ್ಣು ಮುಚ್ಚಿ, ಕತ್ತು ವಾಲಿಸಿ ಕೇಳುತ್ತಿದ್ದಳು. "ಉಸಿರು ಸಿಗವಲ್ದು ಅದಕ್ಕ, ಗಾಳಿ ಬಿಡು" ಎಂದರೆ ಅಪ್ಪ ಗಾಳಿಯ ಸ್ಕ್ರೂ ಸಡಿಲಿಸುತ್ತಿದ್ದ. "ಹಾಂ, ಈಗ ಹೋಗು" ಅಂದಮೇಲೇ ಅವನು ಹೊರಡುವುದು. ದಿನಾ ಬೆಳಿಗ್ಗೆ ಅವಳ ಮುಖ ನೋಡಿ ಹೋದವನು ದಿನಾ ಸಂಜೆ ನಗುತ್ತ ಬಂದ. ಕ್ರಮೇಣ ಓಣಿಯ ಲಾರಿಯವರೂ ಅತ್ತೆಯನ್ನು ಕರೆಯತೊಡಗಿದರು. ಅಪ್ಪ ಹೆಣ್ಣುಮಕ್ಕಳ ಬಗ್ಗೆ ಒಂದೂ ಭಾಷಣ ಮಾಡಿದವನಲ್ಲ. ಅಂಥ ಗಂಡಸರನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ.

ಅಪ್ಪ ತೀರಿಕೊಂಡಮೇಲೆ ಬುಲೆಟ್ಟೂ ಅತ್ತೆಯೂ ನನ್ನ ಪಾಲಿಗೆ ಬಂದರು. ಹಟದಲ್ಲಿ ಒಂದಕ್ಕಿಂತ ಒಂದು ಹೆಚ್ಚು. ಕಾರ್ಬೊರೇಟರಿನ ಒಳಭಾಗ ಸವೆದು ಗಾಡಿ ನಿಲ್ಲಿಸಿದಲ್ಲೆಲ್ಲ ಇಂಜಿನ್ ಆರಿಹೋಗುತ್ತಿತ್ತು. ಹೊಸದು ತರಿಸಿ, ನಟ್ಟು ಬಿಗಿದು, ಎಕ್ಸಲರೇಟರ್ ವೈರು ಸಿಕ್ಕಿಸಿ, ಇಂಜಿನ್ ಬಿಸಿಯಾಗಲೆಂದು ಪಕ್ಕದೂರು ಮೋಕದ ತನಕ ಹೋಗಿಬಂದೆ. ಓಡುವಾಗ ಚೆನ್ನಾಗಿತ್ತು, ಅಂಗಳಕ್ಕೆ ಬಂದು ನಿಲ್ಲಿಸಿದರೆ ಬಿಕ್ಕಳಿಕೆ. ಸ್ಕ್ರೂ ಒಳಗೆ ತಿರುವಿದರೂ ಅಷ್ಟೇ, ಹೊರಗೆ ತಿರುವಿದರೂ ಅಷ್ಟೇ. ಕೊನೆಗೆ ಅತ್ತೆಯನ್ನು ಕರೆದೆ. ಅವಳಿಗೀಗ ಕುಕ್ಕರಿನ ಸೀಟಿಯೂ ಕೇಳಿಸುವುದಿಲ್ಲವೆಂದು ಗೊತ್ತಿತ್ತು. ಗಾಡಿಯೂ ಕೇಳಿಸದಿದ್ದರೆ ಆ ಮನೆಯ ಬೆಳಗು ಇವತ್ತಿಗೆ ನಿಜವಾಗಿ ಮುಗಿದ ಹಾಗೆ ಎಂದು ಹೆದರಿಕೆಯಾಯಿತು.

ಅತ್ತೆ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದಳು. ಬಹಳ ಹೊತ್ತಿನ ಮೇಲೆ ತಲೆಯಾಡಿಸಿ, "ಏನೂ ಕೇಳಸವಲ್ದು ಯವ್ವಾ" ಅಂದಳು. ಆರಿಸಲು ಕೀಲಿಗೆ ಕೈ ಹಾಕಿದೆ.

"ತಡೀಲೇ." ಬಾಗಿ ಪೆಟ್ರೋಲ್ ಟಾಕಿಯ ಮೇಲೆ ಅಂಗೈ ಇಟ್ಟಳು. "ಬಿಗಿ ಮಾಡು. ಇನ್ನೊಂದೀಟು. ಹೆಚ್ಚಾತು, ಹೊಳ್ಳಿ ಬಿಡು."

ಬಿಕ್ಕಳಿಕೆ ನಿಂತು ಇಂಜಿನ್ ಒಂದೇ ಸಮ ಬಡಿಯತೊಡಗಿತು. ನಾನು ಅವಳ ಕಿವಿಯ ಹತ್ತಿರ ಬಾಗಿ ಕೂಗಿದೆ, "ಕೈಲೆ ನೋಡಾಕ ಯಾರು ಕಲಿಸಿದ್ರು ಅತ್ತೀ?"

"ನಿಮ್ಮಪ್ಪ. ನಾ ಕಣ್ಣು ಮುಚ್ಚಿದಾಗ ಟಾಕಿ ಮ್ಯಾಲೆ ಕೈ ಇಟ್ಟಿರ್ತಿದ್ದ. ಒಂದಿನ ಕಣ್ಣು ತೆರದು ನೋಡೀನಿ, ನಾ ಹೇಳೋಕಿಂತ ಮೊದಲ ಸ್ಕ್ರೂ ತಿರುವಾಕ ಹತ್ತಿದ್ದ. ಅವಗ ನನ್ನ ಕಿವಿ ಬೇಕಾಗಿರಲಿಲ್ಲ."

"ಮತ್ತ ನೀ ಅಪ್ಪನ್ನ ಯಾಕ ಕೇಳಲಿಲ್ಲ?"

"ಕೇಳಿದ್ರ ಕರಿಯೋದು ಬಿಟ್ಟಾನು ಅಂತ."

ಕೈ ತೆಗೆಯದೆ ನನ್ನ ಕಡೆ ತಿರುಗಿದಳು. "ನೀನೂ ಹಂಗ ಕರದಿ ಹೌದಿಲ್ಲ, ಮುದುಕಿ ಹೊರಗ ಬಂದು ಕುಂದರಲಿ ಅಂತ?"

"ಇಲ್ಲತ್ತೀ. ನನಗ ಖರೇನ ಬರಂಗಿಲ್ಲ."

ನನ್ನ ತುಂಬಿದ ಕಣ್ಣನ್ನು ನೋಡಿದಳು. ಆಮೇಲೆ ಕುರ್ಚಿಯನ್ನು ಗಾಡಿಯ ಹತ್ತಿರಕ್ಕೆ ಎಳೆದುಕೊಂಡಳು.

"ಹಂಗಾದ್ರ ಆರಿಸಬ್ಯಾಡ. ಇನ್ನೊಂದೀಟು ಸರಿಯಾಗಿ ನೋಡೋಣು."