ಫ್ಲೀಸ್ ಅಂದರೆ ಕುರಿಯ ಉಣ್ಣೆ

ನಿನ್ನೆ ಸಂಜೆ ಹೆಂಡತಿ ಮಗಳ ಶಾಲೆಯ ಚೀಲದ ಹರಿದ ಪಟ್ಟಿಗೆ ಹೊಲಿಗೆ ಹಾಕಿ, ಉಳಿದ ದಾರದ ತುದಿಗೆ ಕಡ್ಡಿ ಗೀರಿ ಹಿಡಿದಳು. ದಾರ ಮುದುಡಿತು, ಕಪ್ಪಗಾಯಿತು, ಸಾಸಿವೆಕಾಳಿನಷ್ಟು ಗಟ್ಟಿ ಗುಂಡಾಗಿ ನಿಂತಿತು. ನಿಮ್ಮ ಮನೆಯಲ್ಲೂ ಮಾಡುವ ಕೆಲಸವೇ. ನಾನು ಮಾತ್ರ ಓದುತ್ತಿದ್ದ ಪೇಪರು ಬಿಟ್ಟು ಅಂಗಳಕ್ಕೆ ಎದ್ದು ಹೋದೆ. ಆ ವಾಸನೆ ನನಗೆ ಲಕ್ಕಪ್ಪ ಮಾಮಾನ ಬಲಗೈಯ ವಾಸನೆ.

ಹೀಗೆ ಬರೆದ ಕೂಡಲೇ ಅನುಮಾನವಾಗುತ್ತದೆ. ಗಾಯವಾದ ಮೇಲೆ ಆ ಕೈಯನ್ನು ನಾನು ಮೊದಲು ನೋಡಿದ್ದು ಆಸ್ಪತ್ರೆಯಲ್ಲಿ, ಬಿಳಿ ಪಟ್ಟಿಯೊಳಗೆ. ಆಗ ಅದಕ್ಕೆ ಔಷಧದ ವಾಸನೆಯಿತ್ತು, ಅಷ್ಟೆ. ಸುಟ್ಟ ದಾರದ ವಾಸನೆಯನ್ನು ಆಮೇಲೆ ನಾನೇ ಅದಕ್ಕೆ ಹಚ್ಚಿಕೊಂಡಿದ್ದೇನೆ. ಇನ್ನೂ ಏನೇನು ಹಚ್ಚಿಕೊಂಡಿದ್ದೇನೋ. ನೆನಪು ಎಂಬುದು ನಾನೇ ಪಗಾರ ಕೊಟ್ಟು ಇಟ್ಟುಕೊಂಡ ವಕೀಲನ ಹಾಗೆ. ನನ್ನ ಕಡೆಯೇ ಮಾತಾಡುತ್ತದೆ. ನೀವು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು.

ನನ್ನ ಮನೆ ಉಮರ್ಗಾದಲ್ಲಿ. ನಿಲಂಗಾದ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಚಳಿಗಾಲದ ಬೆಳಿಗ್ಗೆ ಮೋಟರ್‌ಸೈಕಲ್ ಮೇಲೆ ಹೋಗುವಾಗ ಗಾಳಿ ಸ್ವೆಟರಿನ ಒಂದೊಂದು ಕಣ್ಣಿನಿಂದಲೂ ಒಳಗೆ ನುಗ್ಗುತ್ತದೆ. ಮೂರು ವರ್ಷದ ಕೆಳಗೆ ನಮ್ಮ ಗಣಿತದ ಪಾಟೀಲ ಸರ್ ಹಿಮಾಲಯ ಹತ್ತಿ ಇಳಿದು ಬಂದರು. ಮೈಮೇಲೆ ಒಂದು ಹೆಸರಾಂತ ಕಂಪನಿಯ ಫ್ಲೀಸ್ ಜಾಕೀಟು. ಸ್ಟಾಫ್‌ರೂಮಿನಲ್ಲಿ ಎಲ್ಲರೂ ಸರದಿಯಂತೆ ಅದನ್ನು ಸವರಿದೆವು. ಬೆಕ್ಕಿನ ಹೊಟ್ಟೆಯಷ್ಟು ಮೃದು, ಹಿಡಿದರೆ ಭಾರವೇ ಇಲ್ಲ. ಬೆಲೆ ಕೇಳಿ ಕೈ ತೆಗೆದೆ. ನಾನು ಹತ್ತಿದ ಅತಿ ದೊಡ್ಡ ಎತ್ತರವೆಂದರೆ ಉದಗೀರ ಕೋಟೆಯ ಮೆಟ್ಟಿಲು. ಅಂಥವನಿಗೆ ಅಂಥ ಜಾಕೀಟು ಯಾಕೆ ಎಂದು ಹೆಂಡತಿ ಕೇಳಿದ್ದು ಸರಿಯೇ. ಆದರೆ ಆಸೆ ಎತ್ತರ ನೋಡಿ ಹುಟ್ಟುವುದಿಲ್ಲ.

ಎರಡು ತಿಂಗಳು ಅದರ ಅಗ್ಗದ ತಮ್ಮನಿಗಾಗಿ ಹುಡುಕಿದೆ. ಈ ವಿದ್ಯೆಯಲ್ಲಿ ಪಂಡಿತನೇ ಆದೆ ಅನ್ನಿ. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಆಚೆ ಕಾಣಬಾರದು. ಉಗುರಿನಿಂದ ಉಜ್ಜಿದರೆ ಗುಂಜು ಏಳಬಾರದು. ಜಿಪ್ಪು ಎಳೆದಾಗ ಬಟ್ಟೆಯನ್ನು ಕಚ್ಚಬಾರದು. ಕೊನೆಗೆ ಉದಗೀರದ ಸಂತೆಯಲ್ಲಿ, ನೆಲದ ಮೇಲೆ ಸುರಿದ ರಾಶಿಯೊಂದರಲ್ಲಿ ಎರಡು ಸಿಕ್ಕವು.

"ಘ್ಯಾ ಸರ್, ಕಂಪನೀಚಾ ಮಾಲ್ ಆಹೆ," ಎಂದ ಮಾರುವವನು. ಕಂಪನಿ ಮಾಲಂತೆ.

"ಯಾವ ಕಂಪನಿದಪಾ ಇದು? ಹೆಸರಿನ್ಯಾಗ ಎರಡು ಅಕ್ಷರ ತಪ್ಪಿ ಬರದಾರ."

"ಅರೆ, ಕನ್ನಡದೋರೇನ್ರಿ! ಮೊದಲ ಹೇಳಬೇಕಿಲ್ಲ? ಚಳಿಗಿ ಓದಾಕ ಬರತದೇನ್ರಿ ಸರ್? ತಗೋರಿ."

ಒಂದು ನನಗೆ. ಇನ್ನೊಂದು ಲಕ್ಕಪ್ಪ ಮಾಮಾನಿಗೆ.

ಮಾಮಾ ನನ್ನ ತಾಯಿಯ ತಮ್ಮ. ಬೀರಪ್ಪನ ಒಕ್ಕಲು. ಮಾಕಣಿ ಅಣೆಕಟ್ಟಿನ ಹಿನ್ನೀರಿನ ಸುತ್ತ ಕುರಿ ಮೇಯಿಸುತ್ತಾನೆ. ಅವನು ಕತ್ತರಿ ಹಿಡಿದು ಕುರಿಯ ಉಣ್ಣೆ ತೆಗೆದರೆ ಅದು ಚಾದರದಂತೆ ಒಂದೇ ಹಾಳೆಯಾಗಿ ಬರುತ್ತಿತ್ತು, ಚರ್ಮಕ್ಕೆ ಒಂದು ಗೀರೂ ಬೀಳುತ್ತಿರಲಿಲ್ಲ. ಸುತ್ತಿನ ಹಟ್ಟಿಯವರು ಉಣ್ಣೆ ಕತ್ತರಿಸುವ ದಿನ ಅವನನ್ನು ಕರೆಯಲು ಬರುತ್ತಿದ್ದರು. ಆದರೆ ಆ ಕರಿಯ ಒರಟು ಉಣ್ಣೆಯನ್ನು ಈಗ ಯಾರೂ ಕೊಳ್ಳುವುದಿಲ್ಲ. ಕಂಬಳಿ ನೇಯುತ್ತಿದ್ದವರು ಮಗ್ಗ ಬಿಚ್ಚಿ ಒಲೆಗೆ ಹಾಕಿದ್ದಾರೆ. ಕತ್ತರಿಸಿದ್ದನ್ನು ಬದುವಿನ ಮೇಲೆ ಒಗೆದು ಬರುತ್ತಾರೆ. ಎಂಬತ್ತು ಕುರಿಗಳ ಒಡೆಯ ಹೊದೆಯುತ್ತಿದ್ದ ಕಂಬಳಿ ಹೆಗಲ ಮೇಲೆ ಜಾಳಿಗೆಯಾಗಿತ್ತು, ಹೊಸದು ಎಲ್ಲಿಯೂ ಸಿಗುತ್ತಿರಲಿಲ್ಲ.

ಜಾಕೀಟನ್ನು ಅವನು ಮೊದಲು ಮೂಸಿದ. ಆಮೇಲೆ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹೊಸೆದ.

"ಇದಕ ಕುರಿ ವಾಸನಿ ಇಲ್ಲಲೋ."

"ತೊಳದು ತೆಗದಿರ್ತಾರ ಮಾಮಾ."

"ಹೊಸದ್ರ ಎಳಿ ಆಗವಲ್ದು."

ನಾನು ಜಾಕೀಟಿನ ಕೊರಳಿಗೆ ತೂಗುಬಿಟ್ಟಿದ್ದ ಚೀಟಿ ತೋರಿಸಿದೆ. "ಇಲ್ಲಿ ಬರದಾರ ನೋಡು, ಫ್ಲೀಸ್. ಫ್ಲೀಸ್ ಅಂದ್ರ ಕುರಿ ಮೈಮ್ಯಾಗಿನ ಉಣ್ಣಿ. ಡಿಕ್ಷನರಿದಾಗ ಅದ."

ಮಾಮಾನ ಹೆಂಡತಿ, ನನ್ನ ಅತ್ತೆ, ರೊಟ್ಟಿ ಬಡಿಯುತ್ತಿದ್ದವಳು ತಿರುಗಿದಳು. "ಮಾಸ್ತರ ಹೇಳ್ಲಾಕತ್ತಾನ, ಖರೇನ ಇರ್ತದ. ನೀ ಏನ್ ಸಾಲಿ ಕಲ್ತಿ?"

"ನಾ ಕುರಿ ಕಲ್ತೀನಿ," ಎಂದ ಮಾಮಾ. ನಂತರ ತಾನೇ ನಕ್ಕ. "ಆತು ಬಿಡು. ವಿಲಾಯತಿ ಕುರಿ ಇರಬೇಕು. ಅವು ಸಾಬಾಣ ಹಚ್ಚಿ ಜಳಕಾ ಮಾಡ್ತಾವೇನೋ."

"ಹಾಕ್ಕೊಂಡು ತೋರ್ಸು," ಎಂದಳು ಅತ್ತೆ. ನನ್ನ ಕಡೆ ನೋಡಿ, "ನೀ ಹೇಳಿದಿ ಅಂತ ಅಂವಾ ಒಪ್ಪಿದ ನೋಡು, ನನ್ನ ಮಾತ ಯಾವಾಗ ಕೇಳ್ಯಾನ?"

ಡಿಕ್ಷನರಿಯಲ್ಲಿ ಇದ್ದದ್ದು ನಿಜ. ಆದರೆ ಜಾಕೀಟಿನ ಒಳಹೊಲಿಗೆಯಲ್ಲಿ ಇನ್ನೊಂದು ಚಿಕ್ಕ ಚೀಟಿ ಇತ್ತು, ಬಟ್ಟೆ ಯಾವುದರದೆಂದು ಹೇಳುವಂಥದು. ಅದನ್ನು ಆಗಲೇ ಓದಿದ್ದೆನೇ? ಇಲ್ಲವೆಂದು ನನ್ನ ವಕೀಲ ಹೇಳುತ್ತಾನೆ. ಆದರೆ ನನ್ನ ಜಾಕೀಟಿನಲ್ಲಿ ಆ ಚೀಟಿ ಇಲ್ಲ. ಪಕ್ಕೆಗೆ ಚುಚ್ಚುತ್ತದೆಂದು ಉದಗೀರದಿಂದ ಬಂದ ದಿನವೇ ಬ್ಲೇಡಿನಿಂದ ಕತ್ತರಿಸಿ ತೆಗೆದಿದ್ದೆ. ಓದದೆ ಕತ್ತರಿಸಿದೆನೋ, ಓದಿ ಕತ್ತರಿಸಿದೆನೋ. ಇದನ್ನು ನಾನು ಬಹಳ ದಿನ ಹೀಗೇ ಎರಡು ಕಡೆ ತೂಗಾಡಲು ಬಿಟ್ಟಿದ್ದೆ.

ಬೆಂಕಿಯ ದಿನ ನಾನು ಅಲ್ಲಿರಲಿಲ್ಲ. ಆದರೂ ನನಗೆ ಕಾಣುತ್ತದೆ, ಅದಕ್ಕೇ ಅದನ್ನು ನಂಬುವುದಿಲ್ಲ. ಅತ್ತೆ ಹೇಳಿದ್ದನ್ನಷ್ಟೇ ಕೊಡುತ್ತೇನೆ. ಶಿವಲಿಂಗಪ್ಪನೆಂಬವರ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ಕೂಡಿಸಿದ್ದರು. ಮುಂಜಾನೆ ಮೈ ಕಾಯಿಸಿಕೊಳ್ಳಲು ಹಾಕಿದ ಬೆಂಕಿಯ ಕಿಡಿ ಸೋಯಾಬೀನಿನ ಒಣ ಹೊಟ್ಟಿಗೆ ಹಾರಿತು. ಹೊಟ್ಟಿನ ಆಚೆಗೇ ಮರಿಗಳ ತಡಿಕೆ.

"ನೀರ ತರತೀನಿ ಅನ್ನೂದ್ರಾಗ ಜಾಕೀಟ ಕಳದ, ಬೆಂಕಿ ಮ್ಯಾಲ ಹೊಚ್ಚಿ ಎರಡೂ ಕೈಲೆ ಒತ್ತಿದ. ಕಂಬಳಿಲೆ ಯಾವಾಗಲೂ ಹಂಗ ಆರಸ್ತಿದ್ದ. ಕಂಬಳಿ ಹೊಗಿ ಬಿಡ್ತದ, ನಾರ್ತದ, ಆರ್ತದ. ಇದು ಆರಲಿಲ್ಲಪಾ. ಬೆಲ್ಲದ ಪಾಕ ಆದಂಗ ಆತು. ಅಂವಾ ಕೈ ತೆಗದ್ರ ಅದೂ ಕೈ ಸಂಗಾಟ ಬಂತು."

ಮರಿಗಳು ಉಳಿದವು. ಎಡಗೈ ವಾಸಿಯಾಯಿತು. ಬಲಗೈಯ ನಾಲ್ಕು ಬೆರಳು ಅಂಗೈಗೆ ಮಡಚಿ ಹಾಗೆಯೇ ನಿಂತವು. ಮುಷ್ಟಿಯೂ ಅಲ್ಲ, ಬಿಚ್ಚಿದ ಕೈಯೂ ಅಲ್ಲ.

ನೋಡಲು ಬಂದವರೆಲ್ಲ ಜಾಕೀಟಿನ ಬೆಲೆಯನ್ನೇ ಬೈದರು. "ಉದಗೀರದ ರಸ್ತಾದ ಮ್ಯಾಗಿನ ಮಾಲು. ಕಂಪನಿದು ಇದ್ರ ಹಿಂಗ ಆಗತಿದ್ದಿಲ್ಲ," ಎಂದರು ಶಿವಲಿಂಗಪ್ಪ. ನಾನು ತಲೆಯಾಡಿಸಿದೆ. ಎಷ್ಟು ಹಗುರಾಯಿತು ಗೊತ್ತೇ? ತಪ್ಪು ಅಗ್ಗದ್ದಾಯಿತು, ಬಡತನದ್ದಾಯಿತು, ಸಂತೆಯಲ್ಲಿ ಕೂತ ಆ ಮನುಷ್ಯನದ್ದಾಯಿತು. ನನ್ನದಾಗಲಿಲ್ಲ.

ಆ ಹಗುರ ಬಹಳ ದಿನ ಉಳಿಯಲಿಲ್ಲ. ಒಂದು ದಿನ ಪಾಟೀಲ ಸರ್ ಹತ್ತಿರ ಹೋಗಿ, "ಸರ್, ನಿಮ್ಮ ಜಾಕೀಟಿಂದು ಒಂದು ಎಳಿ ಕೊಡ್ರಿ," ಎಂದೆ.

"ಎಳಿ? ಯಾಕ್ರೀ, ಮಾಟಾ ಮಾಡ್ಸವ್ರಾ?"

ನಗುತ್ತಲೇ ಅಂಚಿನಿಂದ ಒಂದು ಎಳೆ ಕಿತ್ತು ಕೊಟ್ಟರು. ಸ್ಟಾಫ್‌ರೂಮಿನ ಕಿಟಕಿಯಲ್ಲಿ ಕಡ್ಡಿ ಗೀರಿದೆ. ಮುದುಡಿತು, ಕಪ್ಪಗಾಯಿತು, ಗುಂಡಾಯಿತು. ಅಷ್ಟು ದುಡ್ಡಿನದೂ ಅದೇ ಗುಂಡು. ಹಾಗಾದರೆ ಮಾಮಾನ ಕೈ ಸುಟ್ಟದ್ದು ಬೆಲೆಯಲ್ಲ. ಉಣ್ಣೆ ಎಂಬ ಮಾತು. ಉಣ್ಣೆ ಎಂದು ನಂಬಿದ್ದಕ್ಕೆ ಅವನು ಅದನ್ನು ಬೆಂಕಿಯ ಮೇಲೆ ಒತ್ತಿದ್ದ. ಇದು ಗೊತ್ತಾದ ಮೇಲೂ ಒಂದು ವರ್ಷ ಸುಮ್ಮನಿದ್ದೆ.

ನಿನ್ನೆ ಅಂಗಳದಲ್ಲಿ ನಿಂತು ನಿರ್ಧರಿಸಿ ಇವತ್ತು ಬೆಳಿಗ್ಗೆ ಮಾಕಣಿಗೆ ಹೋದೆ. ಉಣ್ಣೆ ಕತ್ತರಿಸುವ ದಿನ. ಬೀಗರ ಕಡೆಯ ಆರೇಳು ಗಂಡಸರು ಸಾಲಾಗಿ ಕೂತು ಕತ್ತರಿ ಆಡಿಸುತ್ತಿದ್ದರು. ಮಾಮಾ ಒಂದು ಕಡೆ ಕೂತು, ಮೊಣಕೈಯಿಂದ ಕುರಿಯ ಕೊರಳು ಒತ್ತಿ ಹಿಡಿದುಕೊಡುತ್ತಿದ್ದ. ಪಕ್ಕದಲ್ಲಿ ಕೂತೆ.

"ಮಾಮಾ, ಆ ಜಾಕೀಟ ಉಣ್ಣಿದು ಇದ್ದಿಲ್ಲ."

"ಸುಟ್ಟ ಮ್ಯಾಲ ನನಗೂ ಗೊತ್ತಾತು." ಅವನು ಕುರಿಯಿಂದ ಕಣ್ಣು ತೆಗೆಯಲಿಲ್ಲ.

"ಒಳಗ ಇನ್ನೊಂದು ಚೀಟಿ ಇತ್ತು. ಪಾಲಿಯೆಸ್ಟರ್ ಅಂತ ಬರದಿತ್ತು. ಅಂದ್ರ ಪ್ಲಾಸ್ಟಿಕ್. ನಾ ಅದನ್ನ ನೋಡಿದ್ದೆ ಅನಸ್ತದ."

"ಅನಸ್ತದ ಅಂದ್ರೇನೋ? ನೋಡಿದ್ದ್ಯೋ, ಇಲ್ಲೋ?"

ಇಷ್ಟು ಹೊತ್ತು ನಿಮ್ಮ ಮುಂದೆ ನಾನು ಆಡಿದ ಆಟ, ಆ ಅನುಮಾನ, ಆ ವಕೀಲ, ಎಲ್ಲ ಅಲ್ಲಿಗೆ ನಿಂತಿತು.

"ನೋಡಿದ್ದೆ," ಎಂದೆ. "ನೀ ಬ್ಯಾಡ ಅಂತೀ ಅಂತ ಹೇಳಲಿಲ್ಲ."

ಹತ್ತಿರದ ಎರಡು ಕತ್ತರಿಗಳು ನಿಂತವು. ಮಾಮಾ ಹಿಡಿದಿದ್ದ ಕುರಿಯನ್ನು ಬಿಟ್ಟ. ಅದು ಅರ್ಧ ಬೋಳಾಗಿಯೇ ಓಡಿತು.

"ನನ್ನ ಕೈ ಹೇಳಿತ್ತು, ಇದು ಕುರಿದಲ್ಲ ಅಂತ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದರೆ ಚೆನ್ನಾಗಿತ್ತು. "ಮಾಸ್ತರ ಹೇಳ್ತಾನ, ನೀ ಸುಮ್ಮಿರು ಅಂದೆ ಕೈಗಿ. ಈಗ ಸುಮ್ಮ ಆಗ್ಯದ ನೋಡು."

ಕತ್ತರಿಗಳು ಮತ್ತೆ ಶುರುವಾದವು. ಅತ್ತೆ ತಟ್ಟೆಯಲ್ಲಿ ಚಹಾ ಹಿಡಿದು ಬಂದಳು, ಎಲ್ಲಿ ನಿಂತು ಕೇಳಿದ್ದಳೋ ಗೊತ್ತಿಲ್ಲ. ಸಾಲಿನ ಆ ತುದಿಯಿಂದ ಒಬ್ಬೊಬ್ಬರಿಗೆ ಕೊಡುತ್ತ ಬಂದಳು. "ತಗೋ ಬೀರಣ್ಣ, ತಗೋ ಮಾಳಪ್ಪ." ನನ್ನನ್ನು ಹುಟ್ಟಿದಾಗಿನಿಂದ ಎತ್ತಿ ಆಡಿಸಿದವಳು ನನ್ನ ಮುಂದೆ ಬಂದು ನಿಂತಳು, ಕಪ್ಪು ಚಾಚಿದಳು, ಮುಖ ನೋಡದೆ ಹೇಳಿದಳು:

"ತಗೋರಿ, ಸರ್."